ಐದನೇ ನಂಬರಿನ ಸಾಲು

ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ. ಆದರೆ ಸರಕಾರಿ ಕಚೇರಿಯಲ್ಲಿ ಬಿ.ಎಸ್ಸಿ. ಎಂದರೆ ವಿಜ್ಞಾನ, ವಿಜ್ಞಾನವೆಂದರೆ ಕಂಪ್ಯೂಟರು! ಹೀಗಾಗಿ ದಿಲ್ಲಿಯ ನಮ್ಮ ಕಚೇರಿಯ ನೆಟ್‌ವರ್ಕಿನ ಉಸ್ತುವಾರಿಯನ್ನು ಟಪಾಲು ವಿಭಾಗದ ಗುಮಾಸ್ತನಾದ ನನ್ನ ತಲೆಗೇ ಕಟ್ಟಿದರು.

ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ಚು ಎನ್ನುತ್ತಾರೆ. ಯಾವ ಕಂಪ್ಯೂಟರಿನ ಮಾತು ಎಲ್ಲಿಗೆ ತಲುಪಬಹುದು, ಎಲ್ಲಿಗೆ ಕೂಡದು ಎಂಬ ಪಟ್ಟಿಯನ್ನು ಅದರೊಳಗೆ ಬರೆದಿಡಬಹುದು. ಇದೇ ಆಕ್ಸೆಸ್ ಕಂಟ್ರೋಲ್ ಲಿಸ್ಟು. ಮದುವೆ ಛತ್ರದ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ ಸೋದರಮಾವನನ್ನು ನೆನೆಯಿರಿ. ಸ್ವಿಚ್ಚು ಮೇಲಿನಿಂದ ಒಂದೊಂದೇ ಸಾಲು ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕೊಡನೆ ಅದರಂತೆ ನಡೆದು, ಮುಂದಕ್ಕೆ ಓದುವುದೇ ಇಲ್ಲ. ಯಾವುದೂ ಹೊಂದದಿದ್ದರೆ? ಸಿಸ್ಕೋ ಮಾದರಿಯ ಪಟ್ಟಿಗಳ ಕೊನೆಗೆ ಕಣ್ಣಿಗೆ ಕಾಣದ ಒಂದು ಸಾಲಿರುತ್ತದೆ: ಉಳಿದದ್ದಕ್ಕೆಲ್ಲ ನಿಷೇಧ. (ಸೋದರಮಾವನಾದರೆ ಮುಖ ನೋಡಿ ಒಳಗೆ ಬಿಟ್ಟಾನು.)

ನವೆಂಬರ್ ಎಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡುವ ತಿಂಗಳು. 2014ರಲ್ಲಿ 'ಜೀವನ್ ಪ್ರಮಾಣ್' ಬಂದ ಮೇಲೆ ಇದನ್ನು ಕಂಪ್ಯೂಟರಿನಲ್ಲಿ ಬೆರಳೊತ್ತಿಯೇ ಕೊಡಬಹುದು. ಅದಕ್ಕಾಗಿ ನಮ್ಮ ಹೊರಹಾಲಿನಲ್ಲಿ ಎರಡು ಕಂಪ್ಯೂಟರು ಇಟ್ಟೆವು. ಕಂಟ್ರಾಕ್ಟರನ ಹುಡುಗ ಬಂದು ಪಟ್ಟಿ ಬರೆದ. 10ನೇ ಸಾಲು: ಹಾಲಿನಿಂದ ಕಚೇರಿಯ ಸರ್ವರುಗಳಿಗೆ ನಿಷೇಧ. ಸರಿಯೇ, ಸಂಬಳದ ಲೆಕ್ಕವೆಲ್ಲ ಅಲ್ಲಿದೆ. 20ನೇ ಸಾಲು: ಬೇರೆಲ್ಲ ಕಡೆಗೆ 443ನೇ ಪೋರ್ಟಿನಲ್ಲಿ, ಅಂದರೆ ಸುರಕ್ಷಿತ ವೆಬ್‌ಸೈಟುಗಳಿಗೆ, ಅನುಮತಿ.

ಮರುದಿನ ಮೀರತ್‌ನಿಂದ ಬಸ್ಸಿನಲ್ಲಿ ಒಬ್ಬ ವೃದ್ಧರು ಬಂದರು. ವಯಸ್ಸು ಎಪ್ಪತ್ತೆಂಟು. ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ, ವಿಳಾಸ ಸಿಗಲಿಲ್ಲವೆಂದಿತು. ಮಧ್ಯಾಹ್ನದವರೆಗೂ ಅದೇ ಕತೆ. "ಬಾಬೂಜಿ, ನಾನು ನಿಮ್ಮೆದುರಿಗೇ ಕೂತಿದ್ದೇನಲ್ಲ!" ಎಂದರು ಪಾಪ.

ವಿಳಾಸವೆಂಬ ಮಾತೇ ನನಗೆ ಸುಳಿವಾಯಿತು. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ಅಂಕಿಯ ವಿಳಾಸ ತಿಳಿಸುವುದು ಡಿಎನ್‌ಎಸ್ ಸರ್ವರು. ಅದನ್ನು ವಿಚಾರಿಸುವ ಬಾಗಿಲು 53ನೇ ಪೋರ್ಟು. ನಮ್ಮಲ್ಲಿ ಆ ಸರ್ವರು ಇರುವುದು ಕಚೇರಿಯ ಉಳಿದ ಸರ್ವರುಗಳ ಸಾಲಿನಲ್ಲೇ. 10ನೇ ಸಾಲು ಅದನ್ನೂ ನುಂಗಿಹಾಕಿತ್ತು!

ಹುಡುಗನಿಗೆ ಫೋನು ಮಾಡಿದೆ. "30ನೇ ಸಾಲಾಗಿ ಅನುಮತಿ ಸೇರಿಸಿ ಸಾರ್" ಎಂದ. 10ರಲ್ಲೇ ತಡೆದದ್ದು 30ರವರೆಗೆ ಬರುವುದೆಲ್ಲಿಂದ? ಸಾಹೇಬರು ಇನ್ನೂ ಉದಾರಿಗಳು: "ಎಲ್ಲಕ್ಕೂ ಅನುಮತಿಯೆಂದು ಮೇಲುಗಡೆ ಬರೆದುಬಿಡಿ." ಹಾಗೆ ಮಾಡಿದರೆ ಹಾಲಿಗೆ ಬಂದವರೆಲ್ಲ ಸಂಬಳದ ಸರ್ವರಿನ ಕದ ತಟ್ಟಬಹುದೆಂದು ವಿನಯದಿಂದಲೇ ತಿಳಿಸಿ, ಒಪ್ಪಲಿಲ್ಲ. ಸಾಲುಗಳ ನಂಬರಿನ ನಡುವೆ ಹತ್ತರ ಅಂತರ ಬಿಡುವುದು ಇಂಥ ಸಮಯಕ್ಕೇ. 5ನೇ ನಂಬರು ಕೊಟ್ಟು, ಆ ಒಂದೇ ಸರ್ವರಿಗೆ, 53ನೇ ಪೋರ್ಟಿಗೆ ಮಾತ್ರ ಅನುಮತಿ ಬರೆದೆ.

ಪುಟ ತೆರೆಯಿತು. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ ನೋಡಿ, ಮೂರನೇ ಸಲಕ್ಕೆ ಯಂತ್ರ ಒಪ್ಪಿತು. ಮುದುಕರು ಚೀಟಿ ಮಡಿಸಿ ಜೇಬಿಗಿಟ್ಟು ಬಸ್ಸಿಗೆ ಹೊರಟರು. ನಾನು 5ನೇ ಸಾಲಿನ ಮೇಲೆ, ಇದು ಇಲ್ಲೇಕಿದೆ ಎಂದು ಒಂದು ರಿಮಾರ್ಕ್ ಬರೆದು ಸೇವ್ ಮಾಡಿದೆ. ನನ್ನ ನಂತರ ಬರುವವರು ಅದನ್ನು ಅಳಿಸಬಾರದಲ್ಲ.