ಅರಳುಮರಳೋ, ಕಿವುಡೋ?

ಕಣ್ಣು ಮಂದವಾದರೆ ಮನುಷ್ಯನಿಗೆ ಒಂದು ಗಾಂಭೀರ್ಯ ಬರುತ್ತದೆ. ಮೂಗಿನ ಮೇಲೆ ಕನ್ನಡಕ ಏರಿದ ಮರುದಿನವೇ ನೆರೆಯವರು ಅವನನ್ನು ‘ಮಾಸ್ತರ’ ಎನ್ನತೊಡಗುತ್ತಾರೆ. ಕಿವಿಯ ಮಾತು ಹಾಗಲ್ಲ. ಕಿವಿ ಮಂದವಾದವನು ನಾಟಕದಲ್ಲಿ ನಗಿಸುವ ಪಾತ್ರ. ಮನೆಯಲ್ಲಿ, ಕೂಗಿ ಕೂಗಿ ದಣಿದವರ ಪಾಲಿಗೆ ಅರಳುಮರಳಿನವನು. ಅರವತ್ತಕ್ಕೆ ಅರಳುಮರಳು ಎಂದ ನಮ್ಮ ಗಾದೆ ತಲೆಗೂ ಕಿವಿಗೂ ಭೇದವನ್ನೇ ಎಣಿಸಿಲ್ಲ.

ಬೆಟಗೇರಿಯ ನನ್ನ ಸೋದರಮಾವ ನಲವತ್ತು ವರುಷ ಮಗ್ಗದ ಸದ್ದಿನಲ್ಲಿ ಬಾಳಿದವರು. ಮೊದಲು ಕೈಮಗ್ಗ, ಆಮೇಲೆ ಪವರ್‌ಲೂಮು. ಈಗ ವಯಸ್ಸು ಎಪ್ಪತ್ತೈದು ದಾಟಿದೆ. ಹೋದ ವರುಷ ಒಂದು ಮುಂಜಾನೆ ಸುದ್ದಿ ಬಂತು, ಸೊಸೆ ಒಳಗಿನಿಂದಲೇ ಹೇಳಿದಳು: “ಶಿರಹಟ್ಟಿ ಬೀಗರು ಸತ್ತಾರಂತ.” ಮಾವ ಜೋಳಿಗೆಯಿಂದ ಎಲೆ ತೆಗೆಯುತ್ತ, “ಯಾವ ಬಸ್ ಹತ್ತ್ಯಾರಂತ? ನಾಕು ರೊಟ್ಟಿ ಹೆಚ್ಚಿಗಿ ಬಡೀರಿ” ಎಂದರು. ಅಳಬೇಕಾದ ಮನೆಯಲ್ಲಿ ಹುಡುಗರು ನಕ್ಕುಬಿಟ್ಟವು. ಹಿರಿಯ ಮಗ ಮಾತ್ರ ನಗಲಿಲ್ಲ. “ಅಪ್ಪನ ತಲಿ ಹೋತು” ಎಂದ. ಅಂದಿನಿಂದ ಮನೆಯ ಸಾಲ, ಮೊಮ್ಮಗಳ ಮದುವೆ, ಯಾವ ಮಾತನ್ನೂ ಅವರ ಮುಂದೆ ತರುವುದು ನಿಂತಿತು.

ಆದರೆ ನೋಡಿ, ನಡೆದದ್ದೇನು? ವಯಸ್ಸಿಗೂ ಸದ್ದಿಗೂ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ. ಸತ್ತವು ಮರಳಿ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಸ್ಥಾಯಿ. ವ್ಯಾಕರಣದವನ ಮಾತಿನಲ್ಲಿ ಹೇಳುವುದಾದರೆ, ಸ್ವರಗಳು ಉಳಿದು, ಸೀಟಿ ಹೊಡೆಯುವ ಸಕಾರ ಶಕಾರಗಳು ಮೊದಲು ಜಾರುತ್ತವೆ. ಮಾವನಿಗೆ ದಕ್ಕಿದ್ದು ‘ಅತ್ತಾರಂತ’ ಎಂಬ ಮುಕ್ಕಾದ ಪದ. ಶಿರಹಟ್ಟಿಯವರು ಎಂದಮೇಲೆ ಬಸ್ಸು, ಬಸ್ಸೆಂದಮೇಲೆ ಊಟ ಎಂದು ಉಳಿದದ್ದನ್ನು ಮಿದುಳೇ ತುಂಬಿಕೊಂಡಿತು. ಇದು ತಲೆ ಹೋದವನ ಲಕ್ಷಣವಲ್ಲ, ತಲೆ ಮೈಮುರಿದು ದುಡಿದುದರ ಲಕ್ಷಣ.

ಅಪಾಯವಿರುವುದೂ ಈ ದುಡಿಮೆಯಲ್ಲೇ. ಪ್ರತಿ ಮಾತನ್ನೂ ಊಹಿಸಿ ಕಟ್ಟಿಕೊಳ್ಳಬೇಕಾದ ಮಿದುಳಿಗೆ ಅದನ್ನು ನೆನಪಿನಲ್ಲಿಡಲು ಶಕ್ತಿ ಸಾಲದೆಂದು ತಜ್ಞರು ಭಾವಿಸುತ್ತಾರೆ. ದಣಿದವನು ಜನರಿಂದ ದೂರ ಕೂಡುತ್ತಾನೆ. ಕನ್ನಡದಲ್ಲಿ ‘ಕೇಳು’ ಎಂದರೆ ಆಲಿಸುವುದೂ ಹೌದು, ಪ್ರಶ್ನಿಸುವುದೂ ಹೌದು. ಮೊದಲನೆಯದು ನಿಂತ ಮನೆಯಲ್ಲಿ ಎರಡನೆಯದೂ ನಿಲ್ಲುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಬಾಲ್ಟಿಮೋರಿನ ಅಧ್ಯಯನವೊಂದು 639 ಜನರನ್ನು ವರ್ಷಗಟ್ಟಲೆ ಗಮನಿಸಿ, ಅಲ್ಪ ಕಿವುಡಿದ್ದವರಲ್ಲಿ ಮರೆಗುಳಿರೋಗದ ಸಂಭವ ಸುಮಾರು ಎರಡು ಪಟ್ಟು, ತೀವ್ರ ಕಿವುಡಿದ್ದವರಲ್ಲಿ ಐದು ಪಟ್ಟು ಎಂದಿತು. 2024ರ ಲ್ಯಾನ್ಸೆಟ್ ಆಯೋಗ ಈ ರೋಗಕ್ಕೆ ನಾವು ತಡೆಯಬಹುದಾದ 14 ಕಾರಣಗಳನ್ನು ಹೇಳುವಾಗ ಕಿವುಡನ್ನು ಮುಂದಿನ ಸಾಲಿನಲ್ಲೇ ಕೂರಿಸಿತು. ಹಾಗೆಂದು ಕಿವಿಯಂತ್ರ ಸಂಜೀವಿನಿಯೇನಲ್ಲ. 2023ರಲ್ಲಿ ಪ್ರಕಟವಾದ, 977 ವೃದ್ಧರ ಮೂರು ವರ್ಷಗಳ ಪರೀಕ್ಷೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಬುದ್ಧಿಯ ಇಳಿತ 48% ತಗ್ಗಿತು. ನನಗೆ ಅಷ್ಟು ಸಾಕೆನಿಸಿತು.

ನೆನಪಿನ ಪರೀಕ್ಷೆಯಲ್ಲಿ ಡಾಕ್ಟರು ಕೆಲವು ಪದ ಹೇಳಿ, ಆಮೇಲೆ ಅವನ್ನು ಕೇಳುತ್ತಾರೆ. ಪದವೇ ಕಿವಿಗೆ ಬೀಳದವನು ಏನು ಹೇಳಿಯಾನು? ನಾನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಕೇಳಿದೆ. ಮುಂಡರಗಿ ಸಂತೆಗೆ ಒಯ್ದ ಸೀರೆಗಳ ಲೆಕ್ಕದಿಂದ ಲಕ್ಷ್ಮೇಶ್ವರದ ಅಂಗಡಿಯವನು ಉಳಿಸಿಕೊಂಡ ಬಾಕಿಯವರೆಗೆ ಮಾವ ಪೈಸೆ ಬಿಡದೆ ಒಪ್ಪಿಸಿದರು. ಬಾಕಿ ಯಾರಿಗೂ ಮರೆಯುವುದಿಲ್ಲ ಎನ್ನಿ!

ನಮ್ಮ ಗದಗು ಪಂಚಾಕ್ಷರ ಗವಾಯಿಗಳ, ಪುಟ್ಟರಾಜ ಗವಾಯಿಗಳ ಊರು. ಕಣ್ಣಿಲ್ಲದವರು ಕಿವಿಯ ಬಾಗಿಲಿನಿಂದ ಎಂಥ ವಿದ್ಯೆಯನ್ನು ಒಳಗೆ ಕರೆದುಕೊಂಡರೆಂದು ವೀರೇಶ್ವರ ಪುಣ್ಯಾಶ್ರಮವನ್ನು ನೋಡಿದ ಮಗುವಿಗೂ ಗೊತ್ತು. ಆದರೂ ಮನೆಯ ಮುದುಕರ ಆ ಬಾಗಿಲು ಮುಚ್ಚಿಕೊಂಡಾಗ ಚಿಲಕ ಮುಟ್ಟಿ ನೋಡುವವರಿಲ್ಲ. ಖರ್ಚಿನ ಅಂಜಿಕೆಯೂ ಇದೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ವೃದ್ಧರಿಗೆ ಕಿವಿಯಂತ್ರವೂ ಸೇರಿದೆಯೆಂಬುದು ಎಷ್ಟು ಓಣಿಗಳಿಗೆ ತಿಳಿದಿದೆ?

ಯಂತ್ರ ಹಾಕಿದ ಮೊದಲ ವಾರ ಮಾವನಿಗೆ ಸಿಟ್ಟೇ ಸಿಟ್ಟು. ಪಾತ್ರೆಯ ಸದ್ದು ತಲೆಗೆ ಬಡಿಯುತ್ತದೆಂದು ಕಿತ್ತು ಅಡಿಕೆಯ ಡಬ್ಬಿಯಲ್ಲಿ ಇಟ್ಟರು. ಮರೆತ ಸದ್ದುಗಳನ್ನು ಮಿದುಳು ಹೊಸದಾಗಿ ಕಲಿಯಲು ವಾರಗಳೇ ಬೇಕು. ಮೊನ್ನೆ ಹೋದಾಗ ಮೊಮ್ಮಗಳ ವರನ ಮಾತು ನಡೆದಿತ್ತು. ಮಾವ ಮೂಲೆಯಿಂದ, “ಹುಡುಗ ಏನ ಮಾಡ್ತಾನ?” ಎಂದರು. ಹಿರಿಯ ಮಗ ಕೂಡಲೇ ಉತ್ತರ ಹೇಳಲಿಲ್ಲ. ಎದ್ದು ಬಂದು ಅವರ ಎದುರಿಗೆ, ಬೆಳಕಿಗೆ ಮುಖಮಾಡಿ ಕುಳಿತ.