ಅಬ್ಬಾರ ಜೀಪು, ಅಮ್ಮಿಯ ಪರದೆ

ಸಹೋದರಿಯರೇ, ಮನೆಯ ಗಂಡಸರು ಗಾಡಿಯ ಮಾತಿಗೆ ಕುಳಿತರೆಂದರೆ ನಾವು ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತೇವೆ. ಎಂಜಿನ್ನು, ಗೇರು, ಮೈಲೇಜು ಇವೆಲ್ಲ ನಮ್ಮ ವಿಷಯವಲ್ಲ ಎಂದು ನಾವೇ ತೀರ್ಮಾನಿಸಿಕೊಂಡಿದ್ದೇವೆ. ನಾನು ಮಾತ್ರ ಎದ್ದು ಹೋಗುವವಳಲ್ಲ. ಕೃಷ್ಣಾ ನದಿಯ ದಂಡೆಯ ಚಿಕ್ಕಪಡಸಲಗಿಯಲ್ಲಿ ನಾವು ನಾಲ್ಕು ಮಕ್ಕಳಾದರೆ, ನಮ್ಮ ಮನೆಯ ಐದನೆಯ ಕೂಸು ಒಂದು ಜೀಪು.

ಅಬ್ಬಾ ಅದನ್ನು 1976ರಲ್ಲಿ ವಿಜಾಪುರದ ಒಂದು ಹರಾಜಿನಲ್ಲಿ ಹಿಡಿದರು. 1962ರ ಗಾಡಿ. ಎತ್ತರದ ಬಾನೆಟ್ಟು, ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು, ಕಾಲಿನಿಂದ ಒತ್ತಿ ಶುರು ಮಾಡುವ ಸ್ಟಾರ್ಟರು. ಗೇರಿನ ಪಕ್ಕದಲ್ಲಿ ಇನ್ನೆರಡು ಪುಟ್ಟ ಹಿಡಿಕೆಗಳು. ಅವನ್ನು ಎಳೆದರೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುತ್ತಿತ್ತು. ನಮ್ಮ ಎರೆಮಣ್ಣಿನ ದಾರಿಯಲ್ಲಿ ಮಳೆ ಬಿದ್ದ ಮೇಲೆ ನಡೆದವರಿಗೆ ಅದರ ಬೆಲೆ ಗೊತ್ತು. ಎರಡು ಹೆಜ್ಜೆ ಇಟ್ಟರೆ ಚಪ್ಪಲಿಗೆ ಸೇರಿನಷ್ಟು ಮಣ್ಣು ಅಂಟಿಕೊಳ್ಳುವ ಭೂಮಿ ಅದು.

ಜೀಪು ಹುಟ್ಟಿದ್ದು ಅಮೇರಿಕದಲ್ಲಿ. ಎರಡನೇ ಮಹಾಯುದ್ಧಕ್ಕಾಗಿ ವಿಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. ಅದನ್ನು ನಮ್ಮ ದೇಶಕ್ಕೆ ತಂದು ಜೋಡಿಸಿದ ಮಹೀಂದ್ರಾ ಕಂಪನಿಯ ಕಥೆಯೂ ಸ್ವಾರಸ್ಯದ್ದು. 1945ರಲ್ಲಿ ಅದರ ಹೆಸರು 'ಮಹೀಂದ್ರಾ ಅಂಡ್ ಮೊಹಮ್ಮದ್'. ಪಾಲುದಾರರಾಗಿದ್ದ ಗುಲಾಮ್ ಮೊಹಮ್ಮದರು ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು. ಅಬ್ಬಾ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ತಮ್ಮದೇ ಮನೆತನದ ಸುದ್ದಿಯೆಂಬಂತೆ!

ಈಗ ಅಮೇರಿಕದಲ್ಲಿರುವ ನನ್ನ ಅಕ್ಕನ ಮಗ ಹಳೆಯ ಮಸ್ಟಾಂಗ್ ಕಾರುಗಳ ಫೋಟೋ ಕಳಿಸುತ್ತಾನೆ. 1964ರಲ್ಲಿ ಪಾಂಟಿಯಾಕ್ ಜಿಟಿಒ, ಫೋರ್ಡ್ ಮಸ್ಟಾಂಗ್ ಬಂದವಂತೆ. ಎಂಟು ಸಿಲಿಂಡರಿನ ದೈತ್ಯ ಎಂಜಿನ್ನುಗಳು, ಅವುಗಳನ್ನು ಬಿಚ್ಚಿ ಇನ್ನಷ್ಟು ವೇಗ ತುಂಬುವ ಯುವಕರು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೇರಿಕಕ್ಕೆ ತೈಲ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು, ಆ ಕಾರುಗಳ ಕಾಲ ಮುಗಿಯುತ್ತ ಬಂತು. ನಮ್ಮಲ್ಲೂ ಪೆಟ್ರೋಲ್ ಬೆಲೆ ಏರಿ, ಆ ನವೆಂಬರಿನಲ್ಲಿ ವಾಜಪೇಯಿಯವರು ಎತ್ತಿನ ಬಂಡಿಯಲ್ಲಿ ಸಂಸತ್ತಿಗೆ ಹೋದರು. ಅಬ್ಬಾರಿಗೆ ಜೀಪು ಅಗ್ಗವಾಗಿ ಸಿಕ್ಕಿದ್ದೂ ಅದೇ ಕಾರಣಕ್ಕೆ. ಪೆಟ್ರೋಲ್ ಕುಡಿಯುವ ಗಾಡಿ ಯಾರಿಗೂ ಬೇಡವಾಗಿತ್ತು.

ಐದು ವರ್ಷ ಅಬ್ಬಾ ಹೇಗೋ ಓಡಿಸಿದರು. ಕಬ್ಬಿನ ಹಣದಲ್ಲಿ ಅರ್ಧ ಜೀಪಿನ ಹೊಟ್ಟೆಗೇ ಹೋಗುತ್ತಿದೆ ಎಂದು ಅಮ್ಮಿ ಮುನಿಸಿಕೊಂಡದ್ದುಂಟು. 1981ರಲ್ಲಿ ಜಮಖಂಡಿಯ ಒಬ್ಬ ಮಿಸ್ತ್ರಿಯ ಗ್ಯಾರೇಜಿನಲ್ಲಿ ಅದರ ಎಂಜಿನ್ನು ಇಳಿಸಿ, ಹಳೆಯ ಡೀಸೆಲ್ ಎಂಜಿನ್ನು ಕೂರಿಸಲಾಯಿತು. ಎಂಜಿನ್ನು ಬದಲಿಸುವುದೆಂದರೆ ಪಾತ್ರೆ ಬದಲಿಸಿದಷ್ಟು ಸುಲಭವಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ಲಿನಲ್ಲಿ ಕಿಡಿ ಇಲ್ಲ, ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಾಳಬೇಕಾದ್ದರಿಂದ ಎಂಜಿನ್ನು ಭಾರ. ಮುಂದಿನ ಪಾಟಾಕ್ಕೆ ಇನ್ನೊಂದು ಎಲೆ ಸೇರಿಸಬೇಕಾಯಿತು. ಗೇರ್ ಬಾಕ್ಸಿಗೂ ಎಂಜಿನ್ನಿಗೂ ನಡುವೆ ದಪ್ಪ ತಗಡನ್ನು ಲೇಥಿನಲ್ಲಿ ಕೊರೆಸಿ ಹೊಂದಿಸಿದರು. ಬ್ಯಾಟರಿ ದೊಡ್ಡದಾಯಿತು. ಗಾಡಿ ಗಡಗಡ ನಡುಗುತ್ತಿತ್ತು, ವಾರಕ್ಕೊಮ್ಮೆ ಬೋಲ್ಟು ಬಿಗಿಯುವುದು ಭಾಯಿಯ ಪಾಲಿನ ಕೆಲಸ. ವೇಗ ಕುಗ್ಗಿತು, ಎಳೆತ ಹೆಚ್ಚಿತು, ಖರ್ಚು ಅರ್ಧಕ್ಕಿಳಿಯಿತು.

ಅಬ್ಬಾ ಹಿಂಭಾಗ ಒಂದೂವರೆ ಅಡಿ ಉದ್ದ ಮಾಡಿಸಿ ಎದುರುಬದುರು ಬೆಂಚು ಹಾಕಿಸಿದರು. ಬದಲಾವಣೆಯನ್ನೆಲ್ಲ ಆರ್.ಸಿ. ಪುಸ್ತಕದಲ್ಲಿ ಬರೆಸಿಕೊಂಡು ಬರಲು ವಿಜಾಪುರಕ್ಕೆ ಮೂರು ಸಲ ಅಲೆದರು. ಇನ್ನುಳಿದದ್ದು ಮಳೆ, ಧೂಳು. ಅಮ್ಮಿ ತಾಡಪತ್ರಿ ತರಿಸಿ, ತಮ್ಮ ಹೊಲಿಗೆ ಮಶೀನಿನಲ್ಲೇ ನಾಲ್ಕೂ ಕಡೆಗೆ ಪರದೆ ಹೊಲಿದರು. ಎಷ್ಟು ಸೂಜಿ ಮುರಿದವೋ ಲೆಕ್ಕವಿಲ್ಲ. ಮೂಲೆಗಳನ್ನು ಕೈಯಿಂದ, ಗೋಣಿ ಹೊಲಿಯುವ ದಬ್ಬಳದಿಂದ ಹೊಲಿದರು. ಎಂಜಿನ್ನಿನ ಮಿಸ್ತ್ರಿಯನ್ನು ಊರೇ ಹೊಗಳಿತು, ಪರದೆಯ ಮಿಸ್ತ್ರಿಯನ್ನು ಯಾರೂ ಹೊಗಳಲಿಲ್ಲ ಎಂಬುದು ನನ್ನ ಇಂದಿನ ತಕರಾರು.

1984ರಲ್ಲಿ ಅಬ್ಬಾರ ಬೆನ್ನು ನೋವು ಹೆಚ್ಚಾಯಿತು. ಭಾಯಿ ಇನ್ನೂ ಶಾಲೆಯಲ್ಲಿದ್ದ. ಅಬ್ಬಾ ಅಮ್ಮಿಗೆ ಜೀಪು ಕಲಿಸಿದರು, ಲೈಸೆನ್ಸೂ ಮಾಡಿಸಿದರು. ಸಂಬಂಧಿಕರಲ್ಲೇ ಮಾತು ಬಂತು. ಅಬ್ಬಾರ ಉತ್ತರ ಚಿಕ್ಕದಾಗಿತ್ತು: "ನಾ ಹಾಸಿಗಿ ಹಿಡದ್ರ ಔಷಧ ತರಾಕ ನೀವ ಬರ್ತೀರೇನು?" ಮರುವರ್ಷದ ಮಳೆಗಾಲದ ಒಂದು ರಾತ್ರಿ, ನೆರೆಮನೆಯ ಗೌಡರ ಸೊಸೆಗೆ ಹೆರಿಗೆ ನೋವು. ಕೂಸು ಅಡ್ಡ ಇದೆ ಎಂದಳು ಸೂಲಗಿತ್ತಿ. "ಅಕ್ಕಾರ, ಹೆಂಗರ ಮಾಡ್ರಿ" ಎಂದು ಗೌಡಶಾನಿ ಬಾಗಿಲಲ್ಲಿ ನಿಂತಿದ್ದರು. ಅಮ್ಮಿ ಬುರ್ಖಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆ ಪುಟ್ಟ ಹಿಡಿಕೆಗಳನ್ನು ಎಳೆದರು. ಪರದೆಯೊಳಗೆ ಬಸುರಿ, ಸೂಲಗಿತ್ತಿ, ಲಾಟೀನು ಹಿಡಿದ ನಾನು. ಹೊರಗೆ ಕತ್ತಲು, ಕೆಸರು. ಜಮಖಂಡಿ ಮುಟ್ಟುವ ಹೊತ್ತಿಗೆ ಫಜರ್ ಆಗಿತ್ತು. ತಾಯಿ ಮಗು ಇಬ್ಬರೂ ಉಳಿದರು. ಆ ಹುಡುಗ ಈಗ ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡುತ್ತಾನೆ, ಅಮ್ಮಿಗೆ ಪ್ರತಿ ಈದಿಗೂ ಒಂದು ಸೀರೆ.

ನಮ್ಮೂರ ಬ್ಯಾರೇಜಿನ ಹೆಸರು ನೀವು ಕೇಳಿರಬಹುದು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಚಂದಾ ಎತ್ತಿ, ಶ್ರಮದಾನ ಮಾಡಿ 1989ರಲ್ಲಿ ಕೃಷ್ಣೆಗೆ ಕಟ್ಟಿದ್ದು. 'ಶ್ರಮಬಿಂದು ಸಾಗರ' ಎನ್ನುತ್ತಾರೆ. ಆ ದಿನಗಳಲ್ಲಿ ಅಮ್ಮಿ ಮತ್ತು ಓಣಿಯ ಹೆಂಗಸರು ಬಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುಟ್ಟಿಗಳು ಈ ಜೀಪಿನಲ್ಲೇ ನದಿಗೆ ಹೋದವು.

ಅಬ್ಬಾ 2003ರಲ್ಲಿ ತೀರಿಕೊಂಡರು. 2019ರ ಆಗಸ್ಟಿನ ಪ್ರವಾಹದಲ್ಲಿ ಭಾಯಿ ಮೊದಲು ಎತ್ತರಕ್ಕೆ ಸಾಗಿಸಿದ್ದು ಅಮ್ಮಿಯನ್ನು, ಅದೂ ಜೀಪಿನಲ್ಲಿ. ಈಗ ಬಂದಿರುವುದು ಬೇರೆಯೇ ಪ್ರಶ್ನೆ. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ 'ವಿಂಟೇಜ್' ನೋಂದಣಿಯ ನಿಯಮ ತಂದಿತು. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನು ದೊಡ್ಡದಾಗಿ ಬದಲಾಗಿರಬಾರದು. ನೋಂದಣಿಯಾದ ಮೇಲೆ ಪ್ರದರ್ಶನ, ರ್‍ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಪುಣೆಯ ಒಬ್ಬರು ಬಂದು, ಹಳೆಯ ಪೆಟ್ರೋಲ್ ಎಂಜಿನ್ನು ಮರಳಿ ಕೂರಿಸಿ, ಉದ್ದ ಮಾಡಿದ್ದನ್ನು ಕತ್ತರಿಸಿ, ಪರದೆ ತೆಗೆದುಕೊಟ್ಟರೆ ಒಳ್ಳೆಯ ಬೆಲೆ ಕೊಡುತ್ತೇವೆಂದರು. ಆ ಎಂಜಿನ್ನು ಇನ್ನೂ ನಮ್ಮ ಹಿತ್ತಲಿನ ಬೇವಿನ ಕೆಳಗಿದೆ. ಭಾಯಿಗೆ ಮಗಳ ಮದುವೆ ಮುಂದಿದೆ, ಹಣ ಬೇಡವೆನ್ನುವ ಸ್ಥಿತಿ ಅಲ್ಲ.

ಅಮ್ಮಿಗೆ ಎಂಬತ್ತು ದಾಟಿದೆ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅಸಲಿ ಅಂದ್ರ ಯಾವ್ದಪಾ? ಕಂಪನಿಯವ್ರು ಮಾಡಿದ್ದೋ, ನಾವು ಮಾಡಿದ್ದೋ?" ಪುಣೆಯವರು ನಕ್ಕು ಚಹಾ ಮುಗಿಸಿದರು.

ಭಾಯಿ ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಕಳೆದ ತಿಂಗಳು ಸೊಲ್ಲಾಪುರಕ್ಕೆ ಹೋದವನು ಹೊಸ ಕ್ಲಚ್ ಪ್ಲೇಟು ತಂದಿದ್ದಾನೆ, ಡೀಸೆಲ್ ಎಂಜಿನ್ನಿಗೆ. ಜೊತೆಗೆ ಆರು ಮೀಟರ್ ತಾಡಪತ್ರಿ. ಹೊಲಿಯುವುದು ಈ ಸಲ ನನ್ನ ಪಾಲಿಗೆ ಬಂದಿದೆ.