ಬರೀ ‘ಗುಡ್’

ಮಾರ್ಚ್ ತಿಂಗಳು ಬಂತೆಂದರೆ ನನಗೆ ಇಂದಿಗೂ ಸಿ.ಆರ್. ನೆನಪಾಗುತ್ತದೆ. ಸರಕಾರಿ ನೌಕರಿ ಮಾಡಿದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಕೈಕೆಳಗಿನವರ ವರ್ಷದ ಕೆಲಸದ ಬಗ್ಗೆ ಮೇಲಧಿಕಾರಿ ಬರೆಯುವ ಗೋಪ್ಯ ವರದಿ ಅದು. ಆಗೆಲ್ಲ ಕೆಟ್ಟ ಷರಾ ಬರೆದರೆ ಮಾತ್ರ ನೌಕರನಿಗೆ ತಿಳಿಸುವ ಪದ್ಧತಿ. ‘ಗುಡ್’ ಎಂದು ಬರೆದರೆ ತಿಳಿಸಬೇಕಾಗಿರಲಿಲ್ಲ. ಆದರೆ ಬಡ್ತಿಗೆ ‘ವೆರಿ ಗುಡ್’ ಬೇಕಾದಲ್ಲಿ ಈ ‘ಗುಡ್’ ಎಂಬುದೇ ಕತ್ತರಿ.

1986ರಲ್ಲಿ ನಾನು ವಡಾಲದಲ್ಲಿ, ಸಾರ್ವಜನಿಕ ಉದ್ದಿಮೆಯೊಂದರ ಕಚೇರಿಯಲ್ಲಿ ಅಧಿಕಾರಿಯಾಗಿದ್ದೆ. ನನ್ನ ಕೈಕೆಳಗೆ ವಿಜಾಪುರದ ಕಡೆಯ ಗುಮಾಸ್ತರೊಬ್ಬರಿದ್ದರು. ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಮನುಷ್ಯ. ಆದರೆ ಮಾನಖುರ್ದದಿಂದ ಬರುವಾಗ ವಾರಕ್ಕೆ ಎರಡು ದಿನವಾದರೂ ತಡ. ಹಾರ್ಬರ್ ಲೈನಿನ ಗಾಡಿಯ ಮೇಲೆ ತಪ್ಪು ಹೊರಿಸುವುದು ನಮ್ಮೆಲ್ಲರ ರೂಢಿ. ಅವರು ಅದನ್ನೂ ಮಾಡಲಿಲ್ಲ. ಸುಮ್ಮನೆ ಮಸ್ಟರಿಗೆ ಸಹಿ ಹಾಕಿ ಕೂರುತ್ತಿದ್ದರು. ಆ ಮೌನ ನನಗೆ ಸೊಕ್ಕಾಗಿ ಕಂಡಿತು. ಕರೆದು ಕೇಳಲಿಲ್ಲ. ‘ಗುಡ್’ ಎಂದು ಬರೆದು ಲಕೋಟೆ ಅಂಟಿಸಿದೆ. ಮಧ್ಯಾಹ್ನ ಎಂದಿನಂತೆ ಅವರ ಡಬ್ಬಿಯ ಶೇಂಗಾ ಚಟ್ನಿಯನ್ನೂ ತಿಂದೆ!

ಬಡ್ತಿ ತಪ್ಪಿತು. ಆ ದಿನಗಳಲ್ಲಿ ಅವರು ಕಾಯಿಲೆಯ ತಾಯಿಯನ್ನು ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರೆಂದು ನನಗೆ ತಿಳಿದದ್ದು ಆಕೆ ತೀರಿಕೊಂಡ ಮೇಲೆ. ನಿಯಮವೇನೋ ನನ್ನ ಪಕ್ಷದಲ್ಲಿತ್ತು. ಅದರ ಮರೆಯಲ್ಲಿ ನಾನು ಹಾಯಾಗಿದ್ದೆ.

ನಿವೃತ್ತನಾದ ಮೇಲೆ, 2008ರಲ್ಲಿ, ಗಡಿ ರಸ್ತೆ ಸಂಸ್ಥೆಯ ದೇವದತ್ತ ಎಂಬ ಇಂಜಿನಿಯರರ ಮೊಕದ್ದಮೆಯ ಸುದ್ದಿ ಓದಿದೆ. ಒಂದೇ ವರ್ಷದ ‘ಗುಡ್’ ಅವರ ಬಡ್ತಿಗೆ ಅಡ್ಡ ಬಂದಿತ್ತು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟು ಹೇಳಿತು. 2009ರಲ್ಲಿ ಕೇಂದ್ರ ಸರಕಾರ ಇಡೀ ವರದಿಯನ್ನೇ ತೋರಿಸಬೇಕೆಂದು ಆದೇಶ ಹೊರಡಿಸಿತು. ಓದಿದ ರಾತ್ರಿ ನನಗೆ ಆ ಚಟ್ನಿಯೇ ನೆನಪಾಯಿತು.

2010ರ ಆಷಾಢ ಏಕಾದಶಿ. ವಡಾಲದ ವಿಠ್ಠಲ ಮಂದಿರದ ಉದ್ದನೆಯ ಸಾಲಿನಲ್ಲಿ ನಿಂತಿದ್ದೆ.

“ಸಾಹೇಬ್ರ, ಆರಾಮ ಅದೀರಿ?”

ಮುಂದೆ ನಿಂತಿದ್ದವರು ತಿರುಗಿ ಕೇಳಿದರು. ಅವರೇ. ತಡೆಯಲಾರದೆ ಅಲ್ಲಿಯೇ ಎಲ್ಲವನ್ನೂ ಹೇಳಿಬಿಟ್ಟೆ.

“ಗೊತ್ತೈತ್ರಿ,” ಎಂದರು. “ನೀವು ಒಮ್ಮೆ ಕರದು ಕೇಳಿದ್ರ ಹೇಳತಿದ್ದೆ.”

ನನಗೆ ಮಾತು ಹೊರಡಲಿಲ್ಲ. ಹಿಂದಿನಿಂದ ಜನ ನೂಕುತ್ತಿದ್ದರು. ಅವರು ಒಂದು ಹೆಜ್ಜೆ ಬದಿಗೆ ಸರಿದು, “ಬರ್ರಿ, ನನ್ನ ಮುಂದ ನಿಂದರ್ರಿ” ಎಂದರು.